ನನ್ನ ಮನೆಯಲ್ಲಿ ಇರುವೆಗಳಿಲ್ಲ

ಆಗಸ್ಟ್ 28

ಇದು ಆಸ್ಪತ್ರೆಯವರು ಕೊಟ್ಟ ದಿನಚರಿಯಲ್ಲ. ಅವರು ಕೊಟ್ಟದ್ದು ನೀಲಿ ರಟ್ಟಿನ ಪುಸ್ತಕ, ಮೊದಲ ಪುಟದಲ್ಲೇ ಮೂರು ಕಾಗುಣಿತದ ತಪ್ಪು. ಪ್ರತಿ ಪುಟದಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದು, ‘ಇಂದು ನಿಮ್ಮ ಪಾದಗಳಲ್ಲಿ ಏನನ್ನಾದರೂ ಅನುಭವಿಸಿದಿರಾ?’ ಎಂದು ಕೇಳಿದ್ದಾರೆ. ನಾನು ಸೊನ್ನೆಗೆ ಸುತ್ತು ಹಾಕಿದೆ. ನಾಳೆಯೂ ಹಾಕುವೆನು. ನಾಲ್ಕು ವರ್ಷಗಳಿಂದ ನನ್ನ ಪಾದಗಳಲ್ಲಿರುವುದು ಸೊನ್ನೆಯೇ.

ಕಳೆದ ವಸಂತದಲ್ಲಿ ಬಲಗಾಲಿನ ಚಪ್ಪಲಿಯೊಳಗೆ ಒಂದು ಮೊಳೆ ಎದ್ದಿತ್ತು. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆಯೇ ನಡೆದೆ, ಊಟ ಮಾಡಿದೆ, ಚಹಾ ಕುಡಿದೆ. ಕಾಲುಚೀಲ ನೆನೆದಿದೆಯೆಂದು ಕಂಡುಹಿಡಿದವಳು ನನ್ನ ಹೆಂಡತಿ ರಾಯ್ನಾ. ಆ ಗಾಯಕ್ಕೆ ಎರಡು ಬೆರಳುಗಳು ಹೋದವು. ಇನ್ನೊಂದು ಗಾಯವಾದರೆ ಪಾದವೇ ಹೋಗುತ್ತದೆ ಎಂದು ಶಸ್ತ್ರವೈದ್ಯ ಹೇಳಿದ, ತರಕಾರಿಯ ಬೆಲೆ ಹೇಳುವವನಂತೆ.

ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ. ನಮ್ಮ ದೇಶದಲ್ಲೇ ಐವತ್ತು ವರ್ಷಗಳ ಹಿಂದೆ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸ್ನಾಯುಗಳನ್ನು ಎಚ್ಚರಿಸಲು ಕೊಡುತ್ತಿದ್ದ ಮದ್ದನ್ನು ಸಕ್ಕರೆ ಕಾಯಿಲೆಯವರ ಸತ್ತ ಪಾದಗಳ ಮೇಲೆ ಪ್ರಯೋಗಿಸುತ್ತಾರಂತೆ. ಡಾಕ್ಟರ್ ಲೋರಾ ಪೆತ್ಕೊವಾ ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸಿನವಳು. ಅವಳು ವಿವರಿಸಿದಳು: “ನರ ಅಂದ್ರೆ ಒಂದು ಕೊಳವೆ ಅಂದ್ಕೊಳ್ಳಿ ಮೇಷ್ಟ್ರೇ. ಸಕ್ಕರೆ ಅದರ ಹೊರಗಿನ ಹೊದಿಕೆ ತಿಂದುಬಿಟ್ಟಿದೆ. ಪಾದದಿಂದ ಸುದ್ದಿ ಹೊರಡುತ್ತೆ, ಆದ್ರೆ ದಾರೀಲಿ ಸಣ್ಣ ಸಣ್ಣ ಬಾಗಿಲಿಂದ ಪೊಟ್ಯಾಸಿಯಂ ಸೋರಿಹೋಗಿ ಸುದ್ದಿ ಅಲ್ಲೇ ಸತ್ತುಹೋಗುತ್ತೆ. ಈ ಮಾತ್ರೆ ಆ ಬಾಗಿಲು ಮುಚ್ಚುತ್ತೆ.”

“ಕೊಳವೆಯಲ್ಲ. ಹೊಳಪು ಲೇಪಿಸದ ಹೂಜಿ. ಅದು ಮೈಯೆಲ್ಲ ಬೆವರುತ್ತದೆ” ಎಂದು ತಿದ್ದಿದೆ.

“ಆಯ್ತು, ಹೂಜಿ” ಎಂದಳು. ನಗುತ್ತಿದ್ದಳು. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ಬರಿಯ ಹಿಟ್ಟು. ಯಾರಿಗೆ ಯಾವುದೆಂದು ಅವಳಿಗೂ ಗೊತ್ತಿಲ್ಲ. ಹನ್ನೆರಡನೆಯ ವಾರದಲ್ಲಿ, ಎಂದರೆ ನವೆಂಬರ್ ಇಪ್ಪತ್ತಕ್ಕೆ, ಏನೂ ಬದಲಾವಣೆ ಕಾಣದವರನ್ನು ಪಟ್ಟಿಯಿಂದ ತೆಗೆಯುತ್ತಾರೆ. ನನಗೆ ಹಿಟ್ಟೇ ಬಂದಿರುತ್ತದೆ. ನನ್ನ ಅದೃಷ್ಟ ನನಗೆ ಗೊತ್ತು.

ನಿಯಮಾವಳಿಯನ್ನು ಪೂರ್ತಿ ಓದದೆ ಸಹಿ ಹಾಕಿದ ಇಬ್ಬರು ಮುದುಕರನ್ನು ಅಲ್ಲೇ ಗದರಿಸಿ ಬಂದೆ. ಮೂವತ್ತೊಂದು ವರ್ಷ ಕುಂಬಾರಿಕೆಯ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಒಂದೇ: ‘ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡಿಲ್ಲ.’

ಸೆಪ್ಟೆಂಬರ್ 4

ಮೊನ್ನೆ ನೆಲಮಾಳಿಗೆಗೆ ಇಳಿದು ಕುಂಬಾರಿಕೆಯ ತಿಗರಿಗೆ ಕುಳಿತೆ. ಮಣ್ಣಿನಿಂದ ಐದು ಬೋಗುಣಿ ಎತ್ತಿದೆ. ಐದೂ ಒಂದು ಕಡೆಗೆ ವಾಲಿದವು. ಇಂದು ಒಣಗಿದ ಮೇಲೆ ಐದನ್ನೂ ಸುತ್ತಿಗೆಯಿಂದ ಒಡೆದೆ.

ಕೈಗೇನೂ ಆಗಿಲ್ಲ. ಕೈ ಮೊದಲಿನಂತೆಯೇ ಇದೆ. ಕೆಳಗಿನ ಗಾಲಿಯನ್ನು ಒದೆಯುವ ಬಲಗಾಲು ಎಷ್ಟು ಒದೆಯಿತೆಂದು ಹೇಳುವುದಿಲ್ಲ. ಗಾಲಿ ಓಡುತ್ತಿದೆಯೋ ನಿಲ್ಲುತ್ತಿದೆಯೋ ಎಂದು ನಾನು ಕಣ್ಣಿನಿಂದ ನೋಡಿ ತಿಳಿಯಬೇಕು. ನೋಡಲು ತಲೆ ಬಗ್ಗಿಸಿದ ಕ್ಷಣದಲ್ಲಿ ಮಣ್ಣು ಹದ ತಪ್ಪುತ್ತದೆ. ಹಳೆಯ ವಿದ್ಯಾರ್ಥಿಗಳು ಸೇರಿ ವಿದ್ಯುತ್ತಿನ ತಿಗರಿಯೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದಾರೆ. ಅದರ ಮೇಲೆ ರಾಯ್ನಾ ಉಪ್ಪಿನ ಸೌತೆಯ ಡಬ್ಬಿಗಳನ್ನು ಇಟ್ಟಿದ್ದಾಳೆ. ಅದಕ್ಕೆ ಅದೇ ಸರಿಯಾದ ಕೆಲಸ.

ಸೆಪ್ಟೆಂಬರ್ 17

ಪಕ್ಕದ ಮನೆಯ ತ್ಸೋಂಕಾ ಪ್ಲಮ್ ಹಣ್ಣಿನ ಪಾಕ ಕಾಯಿಸಲು ತೊಡಗಿದ್ದಾಳೆ. ನಮ್ಮೂರು ತ್ರೊಯಾನ್‌ನಲ್ಲಿ ಈ ತಿಂಗಳು ಕಾಯಿಸದವರಿಲ್ಲ ನಿಜ. ಆದರೆ ಉಳಿದವರು ತಾಮ್ರದ ಹಂಡೆಯನ್ನು ತಮ್ಮ ಅಂಗಳದ ನಡುವೆ ಇಡುತ್ತಾರೆ. ಇವಳು ನಮ್ಮ ಬೇಲಿಗೆ ಒತ್ತಿ ಇಟ್ಟಿದ್ದಾಳೆ. ಸಕ್ಕರೆ ಮುಟ್ಟಬಾರದವನ ಮೂಗಿನ ಕೆಳಗೆ, ಮೂರು ದಿನದಿಂದ!

ಇಂದು ಅದರ ಫಲವೂ ಕಂಡಿತು. ಊಟದ ಮೇಜಿನ ಬಳಿ ಕುಳಿತಿದ್ದಾಗ ಬಲಗಾಲಿನ ಅಂಗಾಲ ಮೇಲೆ ಇರುವೆ ಹರಿಯಿತು. ಕಾಲುಚೀಲ ತೆಗೆದೆ. ಅಷ್ಟರಲ್ಲಿ ಓಡಿಹೋಗಿತ್ತು.

ಬೇಲಿಯ ಬಳಿಗೆ ಹೋಗಿ ಕೂಗಿದೆ.

“ಏನ್ ಮೇಷ್ಟ್ರೇ, ಯಾಕೆ ಹಿಂಗೆ ಕೂಗಾಡ್ತೀರ? ಪಾಕ ಉಕ್ಕಿಹೋಗುತ್ತೆ!” ಎಂದಳು ತ್ಸೋಂಕಾ, ಸೌಟು ತಿರುಗಿಸುತ್ತಲೇ.

“ನಿನ್ನ ಇರುವೆಗಳು ನಮ್ಮ ಮನೆಗೆ ಬರುತ್ತಿವೆ.”

“ನನ್ನವು ಅಂತ ಹೇಗೆ ಗೊತ್ತಾಯ್ತು? ಹೆಸರು ಕೇಳಿದ್ರಾ?”

“ಸಿಹಿ ಎಲ್ಲಿದೆಯೋ ಅಲ್ಲಿಂದ ಬರುತ್ತವೆ.”

“ಹಾಗಾದ್ರೆ ನಿಮ್ಮನೆಗೆ ಬಂದಿರೋದು ಆಶ್ಚರ್ಯ ಬಿಡಿ. ನಿಮ್ಮ ಮಾತಿಗೆ ಒಂದು ಇರುವೇನೂ ಹತ್ತಿರ ಸುಳಿಯಲ್ಲ!”

ಮೂರು ಮನೆಗಳವರು ನಕ್ಕರು. ಕಿಟಕಿಗಳಿರುವುದು ಗಾಳಿಗೆ; ಇಣುಕುವುದಕ್ಕಲ್ಲ.

ಸೆಪ್ಟೆಂಬರ್ 25

ಹೊಸ್ತಿಲಿಗೆ ವಿನಿಗರ್ ಸುರಿದೆ. ಗೋಡೆಯಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಅಳತೆಗೋಲು ಹಿಡಿದೇ ಎಳೆದೆ. ಇಷ್ಟಾದರೂ ಸಂಜೆಗೆ ಮತ್ತೆ ಬಂದವು. ಈಗ ಒಂದೆರಡಲ್ಲ, ಸಾಲು. ಬೆರಳುಗಳ ಬುಡದಿಂದ ಹಿಮ್ಮಡಿಗೆ ಹೋಗುತ್ತವೆ, ಹಿಮ್ಮಡಿಯಿಂದ ಮರಳುತ್ತವೆ. ಬೂಟಿನೊಳಕ್ಕೂ ನುಗ್ಗಿವೆ.

“ನನಗೆ ಒಂದು ಇರುವೆನೂ ಕಾಣ್ತಿಲ್ವಲ್ಲ” ಎಂದಳು ರಾಯ್ನಾ, ನೆಲಕ್ಕೆ ಬಗ್ಗಿ.

“ಕನ್ನಡಕ ಹಾಕಿಕೋ.”

“ಹಾಕ್ಕೊಂಡೇ ಇದೀನಿ. ನಿನಗೆ ಹೇಗೆ ಗೊತ್ತಾಯ್ತು?”

“ಹೇಗೆ ಎಂದರೇನು? ಕಾಲ ಮೇಲೆ ಹರಿದರೆ ಗೊತ್ತಾಗುವುದಿಲ್ಲವೇ?”

ಅವಳು ನೆಟ್ಟಗೆ ನಿಂತು ನನ್ನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಬೀನ್ಸ್ ಸಾರಿನ ಪಾತ್ರೆಯನ್ನು ಒಲೆಯ ಮೇಲಿಡುವುದನ್ನೂ ಮರೆತು ಹಾಗೇ ಹಿಡಿದುಕೊಂಡಿದ್ದಳು. ಏನೆಂದು ಕೇಳಿದರೆ ಏನೂ ಇಲ್ಲವೆಂದಳು. ನಲವತ್ತು ವರ್ಷಗಳಲ್ಲಿ ಇವಳು ಒಂದು ವಾಕ್ಯವನ್ನೂ ಪೂರ್ಣವಿರಾಮದವರೆಗೆ ಒಯ್ದದ್ದಿಲ್ಲ.

ನೀಲಿ ಪುಸ್ತಕದಲ್ಲಿ ಎಂದಿನಂತೆ ಸೊನ್ನೆ. ಅವರು ಕೇಳಿರುವುದು ಪಾದಗಳಲ್ಲಿ ಏನಾಯಿತೆಂದು. ಪಾದಗಳ ಮೇಲೆ ಯಾವ ಕೀಟ ಹರಿಯಿತೆಂದಲ್ಲ.

ಅಕ್ಟೋಬರ್ 9

ಪೆನ್ನಿನ ಮೊನೆ ಕಾಗದವನ್ನು ಹರಿಯುತ್ತಿದೆ. ಕೋಪದಿಂದ.

ಆರನೆಯ ವಾರದ ತಪಾಸಣೆಗೆ ಹೋಗಿದ್ದೆ. ಬಸ್ಸು ನಲವತ್ತು ನಿಮಿಷ ತಡ. ಫಾರಂ ಹಿಡಿದು ಕುಳಿತಿದ್ದ ನರ್ಸ್ ಯಾರೆಂದು ನೋಡಿದರೆ ಸ್ವಿಲೆನಾ, ತ್ಸೋಂಕಾಳ ತಂಗಿಯ ಮಗಳು. ಅಲ್ಲಿಗೆ ನನಗೆ ಎಲ್ಲವೂ ಅರ್ಥವಾಗಬೇಕಿತ್ತು.

ಡಾಕ್ಟರ್ ಲೋರಾ ಪಟ್ಟಿ ನೋಡಿಕೊಂಡು ಒಂದೊಂದೇ ಕೇಳಿದಳು. ಉರಿ ಇದೆಯೇ? ಇಲ್ಲ. ಚುಚ್ಚುತ್ತದೆಯೇ? ಇಲ್ಲ. ಆಮೇಲೆ, ತಲೆಯೆತ್ತದೆ, “ಇರುವೆ ಓಡಾಡ್ತವಾ?” ಎಂದಳು.

ನಾನು ಸ್ವಿಲೆನಾಳ ಕಡೆಗೆ ನೋಡಿದೆ. ಅವಳು ಫಾರಂ ನೋಡುತ್ತಿದ್ದಳು. ತ್ಸೋಂಕಾ ಬೇಲಿಯ ಮೇಲಿನಿಂದ ಜಿಲ್ಲಾ ಆಸ್ಪತ್ರೆಯವರೆಗೆ ಸುದ್ದಿ ಮುಟ್ಟಿಸಿದ್ದಾಳೆ! ಬೊಯೇವ್ ಮೇಷ್ಟರ ಮನೆ ಗಲೀಜು, ಅಲ್ಲಿ ಇರುವೆ ಹರಿಯುತ್ತವೆ ಎಂದು!

“ನನ್ನ ಮನೆಯಲ್ಲಿ ಇರುವೆಗಳಿಲ್ಲ” ಎಂದೆ.

ಡಾಕ್ಟರ್ ಈಗ ತಲೆಯೆತ್ತಿದಳು. “ಮನೇಲಲ್ಲ ಮೇಷ್ಟ್ರೇ, ಕಾಲಲ್ಲಿ.”

“ಕಾಲಿನಲ್ಲೂ ಇಲ್ಲ. ನನ್ನ ಹೆಂಡತಿ ವಾರಕ್ಕೆ ಎರಡು ಸಲ ನೆಲ ಒರೆಸುತ್ತಾಳೆ. ಬೇಕಾದರೆ ಬಂದು ನೋಡಿ.”

“ಬೇಡ ಬೇಡ, ಸುಮ್ನೆ ಕೇಳಿದ್ದು” ಎಂದಳು. “ಇಲ್ಲ ಅಂತ ಬರ್ಕೊ” ಎಂದು ಸ್ವಿಲೆನಾಳಿಗೆ ಹೇಳಿದಳು. ಸ್ವಿಲೆನಾ ತುಟಿ ಕಚ್ಚಿಕೊಂಡು ಬರೆದಳು.

ಆಮೇಲೆ ಕಣ್ಣು ಮುಚ್ಚಿಸಿ ನೈಲಾನ್ ಎಳೆಯಿಂದ ಪಾದಗಳನ್ನು ಮುಟ್ಟುವ ಪರೀಕ್ಷೆ. ಮುಟ್ಟಿದ್ದು ಗೊತ್ತಾದಾಗ ‘ಹೂಂ’ ಎನ್ನಬೇಕು. ನಾನು ಒಮ್ಮೆಯೂ ಅನ್ನಲಿಲ್ಲ. ಮೂರು ಸಲ ಬಲಗಾಲಿನ ಮೇಲೆ ಏನೋ ಹರಿದ ಹಾಗಾಯಿತು. ತ್ಸೋಂಕಾಳ ದರಿದ್ರ ಇರುವೆಯೊಂದು ಕಾಲುಚೀಲದೊಳಗೆ ಕುಳಿತು ಇಲ್ಲಿಯವರೆಗೂ ಬಂದಿದೆ ಎಂದು ತಿಳಿದು ನಾಚಿಕೆಯಿಂದ ಮೈ ಬಿಸಿಯಾಯಿತು. ಯಾರ ಕಣ್ಣಿಗೂ ಬೀಳದಿರಲೆಂದು ಪಾದವನ್ನು ಮಂಚದಂಚಿಗೆ ಉಜ್ಜಿದೆ.

“ಅಲ್ಲಾಡಬೇಡಿ” ಎಂದಳು ಡಾಕ್ಟರ್.

ಕೊನೆಗೆ ಹೇಳಿದಳು: “ಇನ್ನೂ ಆರು ವಾರ ನೋಡೋಣ. ಬೇಜಾರು ಮಾಡ್ಕೋಬೇಡಿ.” ಬೇಜಾರು! ಆ ಪದ ನನ್ನ ಸ್ಥಿತಿಯ ಹತ್ತಿರಕ್ಕೂ ಬರುವುದಿಲ್ಲ.

ಅಕ್ಟೋಬರ್ 10

ತ್ಸೋಂಕಾಳೊಂದಿಗೆ ಮಾತು ಬಿಟ್ಟೆ. ಬೇಲಿಗೆ ಹಲಗೆ ಹೊಡೆದೆ. ಅವಳು ಆ ಕಡೆಯಿಂದ, “ಮೇಷ್ಟ್ರೇ, ಒಂದು ಹಲಗೆ ವಾರೆ ಆಗಿದೆ” ಎಂದಳು. ನಿಜ, ವಾರೆಯಾಗಿತ್ತು. ಕಿತ್ತು ಮತ್ತೆ ಹೊಡೆದೆ.

ಅಕ್ಟೋಬರ್ 26

ಇಂದು ಸಂತ ದಿಮಿತರ್‌ನ ಹಬ್ಬ. ಹಬ್ಬಕ್ಕೆ ಯಾರೂ ಬರಲಿಲ್ಲ, ನಾನೂ ಕರೆದಿರಲಿಲ್ಲ. ರಾಯ್ನಾ ಚೀಸ್ ತುಂಬಿದ ಪದರುರೊಟ್ಟಿ, ಬಾನಿತ್ಸಾ, ಬೇಯಿಸಿದ್ದಳು, ಅಂಚು ಕರಿಯಾಗಿತ್ತು.

ನೆಲಮಾಳಿಗೆಯ ಕಲ್ಲಿನ ನೆಲ ಮಂಜುಗಡ್ಡೆಯಂತಿದೆ. ಬಲಗಾಲು ಇಟ್ಟರೆ ಚಳಿ ಮೊಣಕಾಲಿನವರೆಗೆ ಏರುತ್ತದೆ. ಹಳೆಯ ಕಂಬಳಿಯನ್ನು ಅಲ್ಲಿ ಹಾಸು ಎಂದು ಎರಡು ಸಲ ಹೇಳಿದೆ. ರಾಯ್ನಾ ಕೇಳಿಯೂ ಕೇಳದವಳಂತೆ ಮೆಟ್ಟಿಲ ಮೇಲೆ ಕುಳಿತು ನನ್ನ ಕಾಲನ್ನು ನೋಡುತ್ತಿದ್ದಳು.

“ಏನು ನೋಡುತ್ತಿದ್ದೀ?”

“ಇನ್ನೊಂದ್ಸಲ ಹೇಳು, ನೆಲ ಹೇಗಿದೆ?”

“ಮಂಜುಗಡ್ಡೆಯ ಹಾಗಿದೆ! ಇದೇನು ಮೌಖಿಕ ಪರೀಕ್ಷೆಯೇ?”

“ಹೂಂ, ಹೂಂ. ಹಾಸ್ತೀನಿ ಬಿಡು” ಎಂದಳು. ಹಾಸಲಿಲ್ಲ.

ಈ ವಾರ ಎತ್ತಿ ಒಣಗಿಸಿದ ಆರು ಬೋಗುಣಿಗಳಲ್ಲಿ ಐದನ್ನು ಒಡೆದೆ. ಆರನೆಯದನ್ನು ಒಡೆಯುವಷ್ಟರಲ್ಲಿ ಸುತ್ತಿಗೆ ಎಲ್ಲೋ ಉರುಳಿತ್ತು. ಹುಡುಕುವ ತಾಳ್ಮೆ ಇರಲಿಲ್ಲ. ಹಲಗೆಯ ಮೇಲೆ ಹಾಗೇ ಬಿಟ್ಟೆ.

ನವೆಂಬರ್ 6

ಪುರಸಭೆಯವರಿಗೆ ಪತ್ರ ಬರೆಯಬೇಕು. ಸೇತುವೆಯ ಬಳಿ ರಸ್ತೆ ಅಗೆದು ಜಲ್ಲಿಯನ್ನು ಹಾಗೇ ಚೆಲ್ಲಿದ್ದಾರೆ. ಬ್ರೆಡ್ ತರಲು ಹೋದಾಗ ಬೂಟಿನೊಳಗೆ ಒಂದು ಕಲ್ಲು ಸೇರಿ ಹತ್ತು ಹೆಜ್ಜೆಯೂ ನಡೆಯಗೊಡಲಿಲ್ಲ. ಸೇತುವೆಯ ಕಟ್ಟೆಗೆ ಒರಗಿ, ದಾರಿಹೋಕರೆಲ್ಲರ ಎದುರಿಗೆ ಬೂಟು ಬಿಚ್ಚಬೇಕಾಯಿತು. ಕಲ್ಲು ಎಷ್ಟು ದೊಡ್ಡದು? ಒಂದು ಬೇಳೆಯಷ್ಟು. ಪತ್ರದ ಜೊತೆ ಲಕೋಟೆಯಲ್ಲಿಟ್ಟು ಕಳಿಸುತ್ತೇನೆ.

ಹಲಗೆಯ ಮೇಲೆ ಈಗ ಏಳು ಬೋಗುಣಿಗಳಿವೆ. ಸುತ್ತಿಗೆ ಇನ್ನೂ ಸಿಕ್ಕಿಲ್ಲ. ರಾಯ್ನಾ ಬಚ್ಚಿಟ್ಟಿದ್ದಾಳೆಂದು ಗುಮಾನಿ.

ನವೆಂಬರ್ 15

ಮೊದಲ ಹಿಮ. ಅಂಗಳದಲ್ಲಿ ಮೊಣಕಾಲುದ್ದ ಬಿದ್ದಿದೆ. ಇರುವೆಗಳು ಮಾತ್ರ ಎಂದಿನ ಸಮಯಕ್ಕೆ ಸರಿಯಾಗಿ ಬಂದವು, ಈಗ ಎಡಗಾಲಿಗೂ. ಕಚ್ಚಲೂ ಕಲಿತಿವೆ. ಹಂಡೆ ತೊಳೆದಿಟ್ಟು ತಿಂಗಳಾಯಿತು, ಪಾಕವೆಲ್ಲ ಬಾಟಲಿ ಸೇರಿದೆ, ಆದರೂ ಬರುತ್ತವೆ! ಆ ಹೆಂಗಸು ಇವುಗಳಿಗೆ ಏನು ತಿನ್ನಿಸಿ ಸಾಕಿದ್ದಾಳೋ.

ಆಸ್ಪತ್ರೆಯಿಂದ ದೂರವಾಣಿ ಬಂತು, ಸ್ವಿಲೆನಾಳ ದನಿ. “ಮೇಷ್ಟ್ರೇ, ಇಪ್ಪತ್ತನೇ ತಾರೀಕು ಬರುವಾಗ ಉಳಿದಿರೋ ಮಾತ್ರೆ ಎಲ್ಲ ತನ್ನಿ. ನಿಮ್ಮದು ಬದಲಾವಣೆ ಇಲ್ಲ ಅಂತ ಇದೆ, ಅದಕ್ಕೆ… ವಾಪಸ್ ತಗೋತಾರೆ.” ಅವಳ ದನಿ ತಗ್ಗಿತ್ತು. ಕನಿಕರವನ್ನು ನಾನು ಯಾರಿಂದಲೂ ಕೇಳಿಲ್ಲ.

ತೊಲಗಲಿ. ಹಿಟ್ಟಿನ ಉಂಡೆ ನುಂಗಿ ನುಂಗಿ ಸಾಕಾಗಿದೆ. ಅದು ಹಿಟ್ಟೆಂದು ಮೊದಲ ದಿನವೇ ಹೇಳಿದ್ದೆ.

ಮಾತ್ರೆಯ ಬಾಟಲಿಯನ್ನು ಕೋಟಿನ ಜೇಬಿನಲ್ಲಿಟ್ಟೆ. ಆಮೇಲೆ ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ಇನ್ನೂ ಐದು ದಿನ ಇದೆಯಲ್ಲ.

ನವೆಂಬರ್ 18

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಗ್ಗೆ ಬರಿಗಾಲಿನಲ್ಲಿ ನೆಲಮಾಳಿಗೆಗೆ ಇಳಿದೆ. ಕೊನೆಯ ಮೆಟ್ಟಿಲ ಮೇಲೆ ಬಲಗಾಲಿಗೆ ಏನೋ ಚುಚ್ಚಿತು. ಕೂಗಿದೆ. ಹೇಗೆ ಕೂಗಿದೆನೆಂದರೆ ಬೇಲಿಯಾಚೆ ತ್ಸೋಂಕಾಳ ನಾಯಿ ಬೊಗಳಲು ತೊಡಗಿತು. ರಾಯ್ನಾ ಓಡಿ ಬಂದಳು. ನಾನು ಕಾಲೆತ್ತಿ ತೋರಿಸಿದೆ: ಒಡೆದ ಬೋಗುಣಿಯೊಂದರ ಚೂರು, ಅಕ್ಕಿಕಾಳಿಗಿಂತ ದೊಡ್ಡದಲ್ಲ. ರಕ್ತವೂ ಬಂದಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತಳು. ನಗುತ್ತಿದ್ದಾಳೆಂದುಕೊಂಡೆ. ಅಳುತ್ತಿದ್ದಳು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು.

“ನನಗೆ ಚುಚ್ಚಿದೆ, ನಿನಗೆ ನಗೆ!” ಎಂದು ರೇಗಿದೆ.

“ನೈಡೆನ್” ಎಂದಳು. “ಅವತ್ತು ಮೊಳೆ ಮೇಲೆ ನಿಂತ್ಕೊಂಡು ಚಹಾ ಕುಡಿದೆ ನೀನು. ಚಹಾಗೆ ನಿಂಬೆ ಕಮ್ಮಿ ಅಂತ ನನ್ನ ಬೈದೆ. ಇವತ್ತು ಇಷ್ಟಕ್ಕೆ ಬೀದಿಯನ್ನೇ ಎಬ್ಬಿಸಿದ್ದೀಯ.”

ನಾನು ಚೂರನ್ನು ಕಿತ್ತು ಬೆಳಕಿಗೆ ಹಿಡಿದೆ.

“ಹಿಮದಲ್ಲಿ ಯಾವ ಇರುವೆ ಓಡಾಡುತ್ತೆ ಹೇಳು ನೋಡೋಣ?”

“ನಿನಗೆ ಗೊತ್ತಿತ್ತೇ?”

“ಬೀನ್ಸ್ ಸಾರು ಮಾಡಿದ ದಿನದಿಂದ ಗೊತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ನಂಬ್ತಿದ್ಯಾ? ಅದರಲ್ಲೂ ತಪ್ಪು ಹುಡುಕಿ ತಿದ್ದಿಬಿಡ್ತಿದ್ದೆ. ಆಮೇಲೆ… ಬಾಯಿ ಬಿಟ್ಟರೆ ಎಲ್ಲಿ ಹೊರಟುಹೋಗುತ್ತೋ ಅಂತ ಭಯ ಆಯ್ತು ನನಗೆ.”

ಈ ಸಲ ವಾಕ್ಯ ಪೂರ್ಣವಿರಾಮದವರೆಗೆ ಹೋಯಿತು.

ಮೇಲೆ ಬಂದು ದೊಡ್ಡ ನಿಘಂಟನ್ನು ತೆಗೆದೆ. ‘ಇರುವೆ: ನಾಮಪದ. ಒಂದು, ಗುಂಪಾಗಿ ಬಾಳುವ ಸಣ್ಣ ಕೀಟ. ಎರಡು, ಬಹುವಚನದಲ್ಲಿ, ಜೋಮು ಹಿಡಿದ ಅಂಗಕ್ಕೆ ಅರಿವು ಮರಳುವಾಗಿನ ಚುಮುಚುಮು.’ ಎರಡನೆಯ ಅರ್ಥ ನನಗೆ ಗೊತ್ತಿಲ್ಲದ್ದಲ್ಲ. ಬೆಂಚಿನ ಮೇಲೆ ಕಾಲು ಮಡಿಸಿ ಕುಳಿತು ಏಳಲಾಗದ ಮಕ್ಕಳಿಗೆ “ಏನೋ, ಇರುವೆ ಬಂದವೇ?” ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. ಆದರೆ ಅದು ಬದುಕಿರುವ ಕಾಲುಗಳಿಗೆ ಹೇಳುವ ಮಾತು.

ಆ ಹುಡುಗಿ ಕೇಳಿದ್ದು ಎರಡನೆಯ ಅರ್ಥವನ್ನು. ನಾನು ಉತ್ತರಿಸಿದ್ದು ಮೊದಲನೆಯದಕ್ಕೆ.

ಡಾಕ್ಟರಾದವಳು ಎರಡರ್ಥದ ಮಾತನ್ನು ಆಡಬಾರದಿತ್ತು. ಇದನ್ನು ನಾಡಿದ್ದು ಅವಳಿಗೆ ಖಂಡಿತ ಹೇಳುತ್ತೇನೆ.

ನವೆಂಬರ್ 20

ಬಸ್ಸಿನಲ್ಲಿ ನಮ್ಮ ಮುಂದಿನ ಸಾಲಿನಲ್ಲೇ ತ್ಸೋಂಕಾ. ತಂಗಿಯ ಮಗಳಿಗೆ ಪಾಕದ ಬಾಟಲಿಗಳನ್ನು ಒಯ್ಯುತ್ತಿದ್ದಳು. ದಾರಿಯುದ್ದಕ್ಕೂ ಬಾಟಲಿಗಳು ಒಂದಕ್ಕೊಂದು ಬಡಿದು ಸದ್ದು ಮಾಡಿದವು. ನಾನು ಕಿಟಕಿಯ ಹೊರಗೆ ನೋಡಿದೆ. ರಾಯ್ನಾ ಅವಳ ಜೊತೆ ಮಾತಾಡುತ್ತಲೇ ಇದ್ದಳು.

ಆಸ್ಪತ್ರೆಯ ಹಜಾರದಲ್ಲಿ ಇಪ್ಪತ್ತು ಜನ ಕುಳಿತಿದ್ದರು. ಸ್ವಿಲೆನಾ ಮೇಜಿನ ಬಳಿ ಕೈಚಾಚಿ, “ಮಾತ್ರೆ ಕೊಡಿ ಮೇಷ್ಟ್ರೇ” ಎಂದಳು. ಬಾಟಲಿಯನ್ನು ಜೇಬಿನಲ್ಲೇ ಬಿಗಿಯಾಗಿ ಹಿಡಿದುಕೊಂಡೆ.

“ಮೊದಲು ಫಾರಂ ತಿದ್ದಬೇಕು.”

“ಏನು ತಿದ್ದಬೇಕು?”

“ಇರುವೆಗಳ ವಿಷಯ.”

ಅಷ್ಟರಲ್ಲಿ ಡಾಕ್ಟರ್ ಲೋರಾ ಬಾಗಿಲಿಗೆ ಬಂದಳು. “ಇರುವೆ ಇಲ್ಲ ಅಂದಿದ್ರಲ್ಲ?”

ಇಪ್ಪತ್ತು ತಲೆಗಳೂ ಇತ್ತ ತಿರುಗಿದವು. ಹಿಂದೆ ತ್ಸೋಂಕಾ ನಿಂತಿರುವುದು ಬಾಟಲಿಗಳ ಸದ್ದಿನಿಂದಲೇ ತಿಳಿಯುತ್ತಿತ್ತು. ಗಂಟಲು ಸರಿಪಡಿಸಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದೆ:

“ಇವೆ. ನನ್ನ ಮನೆಯಲ್ಲಿ ಇರುವೆಗಳಿವೆ. ಸೆಪ್ಟೆಂಬರ್ ಹದಿನೇಳರಿಂದ ಇವೆ.”

“ಅಬ್ಬ! ನನ್ನವಲ್ಲ ಅಂತ ಕೊನೆಗೂ ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು” ಎಂದಳು ತ್ಸೋಂಕಾ.

ಮುದುಕನೊಬ್ಬ ನಕ್ಕ. ಡಾಕ್ಟರ್ ನಗಲಿಲ್ಲ. ನನ್ನ ತೋಳು ಹಿಡಿದು ಒಳಗೆ ಕರೆದೊಯ್ದಳು, ಎಳೆದೊಯ್ದಳೆಂದರೂ ಸರಿ.

ಕಣ್ಣು ಮುಚ್ಚಿಸಿ ಮತ್ತೆ ಎಳೆಯ ಪರೀಕ್ಷೆ. ಈ ಸಲ ಇರುವೆ ಹರಿದಾಗಲೆಲ್ಲ ‘ಹೂಂ’ ಎಂದೆ. ಬಲಗಾಲಿನಲ್ಲಿ ಹತ್ತರಲ್ಲಿ ಆರು, ಎಡಗಾಲಿನಲ್ಲಿ ನಾಲ್ಕು. ಹತ್ತಕ್ಕೆ ನಾಲ್ಕೆಂದರೆ ನನ್ನ ತರಗತಿಯಲ್ಲಿ ನಪಾಸು. ಅವಳು ಅದನ್ನು ಎರಡು ಸಲ ಎಣಿಸಿ, ಕನ್ನಡಕ ತೆಗೆದು ಒರೆಸಿಕೊಂಡಳು.

“ಇದು ಮಾತ್ರೆದೇನಾ, ಇಲ್ಲ ತಾನಾಗೇ ಬಂದಿದ್ದಾ, ನಾನು ಈಗ ಹೇಳೋ ಹಾಗಿಲ್ಲ” ಎಂದಳು. “ಯಾರಿಗೆ ಯಾವ ಮಾತ್ರೆ ಅಂತ ಬರೆದಿರೋ ಲಕೋಟೆ ಕೊನೇಲಿ ತೆಗೆಯೋದು. ಆದ್ರೆ ನಿಮ್ಮನ್ನ ಪಟ್ಟಿಯಿಂದ ತೆಗೆಯಲ್ಲ. ಮಾತ್ರೆ ಇಟ್ಕೊಳ್ಳಿ.”

“ಎರಡರ್ಥದ ಪ್ರಶ್ನೆ ಕೇಳಬಾರದು” ಎಂದೆ.

“ತಪ್ಪಾಯ್ತು ಮೇಷ್ಟ್ರೇ.”

ಹಳೆಯ ಫಾರಂ ತಿದ್ದುವುದಕ್ಕೂ ಒಂದು ನಿಯಮವಿದೆ: ರೋಗಿಯೇ ತನ್ನ ಕೈಬರಹದಲ್ಲಿ ತಪ್ಪನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಸ್ವಿಲೆನಾ ಪೆನ್ನು ಕೊಟ್ಟಳು. ತೆರೆದರೆ ಅದರಲ್ಲಿ ಕೆಂಪು ಶಾಯಿ.

“ಬೇರೆ ಇಲ್ಲವೇ?”

“ತಿದ್ದುಪಡಿಗೆ ಕೆಂಪೇ ಆಗ್ಬೇಕು ಮೇಷ್ಟ್ರೇ.”

‘ಇಲ್ಲ’ ಎಂಬುದರ ಮೇಲೆ ಒಂದೇ ಗೆರೆ ಎಳೆದೆ, ನೇರವಾಗಿ. ‘ಕಾರಣ’ ಎಂಬ ಖಾನೆಯಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೈ ತಾನಾಗಿಯೇ ಬರೆಯಿತು. ಮೂವತ್ತೊಂದು ವರ್ಷದ ಅಭ್ಯಾಸ.

ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡಿಲ್ಲ.

ಕೆಳಗೆ ಸಹಿ ಹಾಕಿದೆ: ನೈಡೆನ್ ಬೊಯೇವ್.

ನವೆಂಬರ್ 21

ತ್ಸೋಂಕಾ ಪಾಕದ ಒಂದು ಬಾಟಲಿಯನ್ನು ನಮ್ಮ ಹೊಸ್ತಿಲ ಮೇಲಿಟ್ಟು ಹೋಗಿದ್ದಾಳೆ, ನಾನು ತಿನ್ನುವಂತಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ. ಬಾಟಲಿಗೆ ಒಂದು ಚೀಟಿ: ‘ಇರುವೇಗಳಿಗೆ.’ ಅದರಲ್ಲೂ ಒಂದು ಕಾಗುಣಿತದ ತಪ್ಪು. ತಿದ್ದಿ, ಬೇಲಿಯ ಮೇಲಿನಿಂದ ವಾಪಸು ಎಸೆದೆ. ಚೀಟಿಯನ್ನು ಮಾತ್ರ.

ಹಲಗೆಯ ಮೇಲೆ ಹನ್ನೊಂದು ಬೋಗುಣಿಗಳು. ಸುತ್ತಿಗೆ ಉಪ್ಪಿನ ಸೌತೆಯ ಡಬ್ಬಿಗಳ ಹಿಂದೆ ಸಿಕ್ಕಿತು; ಅಲ್ಲೇ ಇಟ್ಟು ಬಂದೆ. ನೆಲಕ್ಕೆ ಕಂಬಳಿ ಹಾಸಲು ರಾಯ್ನಾ ಇನ್ನೂ ಒಪ್ಪುತ್ತಿಲ್ಲ. ಕಲ್ಲು ಕೊರೆಯುತ್ತದೆ, ನಿಂತು ಹತ್ತು ನಿಮಿಷ ಕೆಲಸ ಮಾಡಲಾಗುವುದಿಲ್ಲ ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ಅವಳು, “ಎಷ್ಟು ಕೊರೆಯುತ್ತೆ?” ಎಂದು ಕೇಳುತ್ತಾಳೆ, ಹೇಳಿದರೆ, ಮತ್ತೆ ಹೇಳು ಎನ್ನುತ್ತಾಳೆ. ಈ ಹೆಂಗಸಿನೊಂದಿಗೆ ಬಾಳುವುದು ಕಷ್ಟ.